ಮರಳ ತೊಟ್ಟಿಲ ಜೋಗುಳ

ಕೇಳುಗರೆಲ್ಲರಿಗೂ ನಮಸ್ಕಾರ.

ಫಿನ್‌ಲೆಂಡಿನ ಸಂಗೀತವೆಂದರೆ ಬಲ್ಲವರ ಬಾಯಲ್ಲಿ ಮೊದಲು ಬರುವ ಹೆಸರು ಸಿಬೆಲಿಯಸ್ ಅವರ ‘ಫಿನ್‌ಲಾಂಡಿಯಾ’. ರಷ್ಯಾದ ಚಕ್ರವರ್ತಿಯ ಕೈಕೆಳಗಿದ್ದ ನಾಡು ಬಿಗಿಹಿಡಿತದ ವಿರುದ್ಧ ತಲೆಯೆತ್ತಿದ 1899ರಲ್ಲಿ ಹುಟ್ಟಿದ ವಾದ್ಯವೃಂದದ ಕೃತಿ ಅದು. ಮುಂದೆ ಅದರ ಒಂದು ಭಾಗಕ್ಕೆ ಸಾಹಿತ್ಯ ಕೂಡಿ, ವೃಂದಗಾನವಾಗಿ ಮನೆಮಾತಾಯಿತು. ಅದು ಆ ನಾಡು ಲೋಕದ ಮುಂದೆ ನಿಂತು ಆಡಿದ ಮಾತು. ಅದೇ ನಾಡು ಮನೆಯೊಳಗೆ, ಮೆಲುದನಿಯಲ್ಲಿ ಆಡಿದ ಮಾತು ಬೇಕಾದರೆ ನಾನು ಸಿಬೆಲಿಯಸ್ 1898ರಲ್ಲಿ ರಚಿಸಿದ ಪುಟ್ಟ ಹಾಡೊಂದನ್ನು ಕೇಳುತ್ತೇನೆ. ಹೆಸರು ‘ಸ್ಯುದಾಮೆನಿ ಲೌಲು’, ‘ನನ್ನ ಹೃದಯದ ಹಾಡು’.

ಪದಗಳು ಅಲೆಕ್ಸಿಸ್ ಕಿವಿ ಅವರವು. 1870ರಲ್ಲಿ ಪ್ರಕಟವಾದ ಅವರ ‘ಏಳು ಸಹೋದರರು’ ಕಾದಂಬರಿಯ ಕೊನೆಯಲ್ಲಿ ಕಿರಿಯ ತಮ್ಮನ ಹೆಂಡತಿ ಅನ್ನಾ ಇದನ್ನು ತನ್ನ ಮಗುವಿಗೆ ಹಾಡುತ್ತಾಳೆ. ಅದು ಜೋಗುಳ. ಆದರೆ ತಾಯಿ ಹೇಳುವುದೇನು? ತುವೊನಿಯ ತೋಪಿನಲ್ಲಿ ನುಣ್ಣನೆಯ ಮರಳ ತೊಟ್ಟಿಲಿದೆ, ಕಂದನನ್ನು ಅಲ್ಲಿಗೆ ಕರೆದೊಯ್ಯುತ್ತೇನೆ ಎನ್ನುತ್ತಾಳೆ. ತುವೊನಿ ಎಂದರೆ ಫಿನ್ನರ ಯಮ. ಮರಳ ತೊಟ್ಟಿಲು ಯಾವುದೆಂದು ಬಿಡಿಸಿ ಹೇಳಬೇಕಿಲ್ಲ.

ಮಗುವೋ ಜೀವಂತವಾಗಿ ಮಡಿಲಲ್ಲೇ ಇದೆ! ಮೊದಲ ಸಲ ಅರ್ಥ ತಿಳಿದಾಗ ನನಗೆ ಮೈ ಜುಮ್ಮೆಂದಿತ್ತು. ಕಾದಂಬರಿ ಪ್ರಕಟವಾಗುವುದಕ್ಕೆ ಸ್ವಲ್ಪ ಮೊದಲು, 1866ರಿಂದ 68ರವರೆಗಿನ ಬರಗಾಲದಲ್ಲಿ, ಫಿನ್‌ಲೆಂಡಿನಲ್ಲಿ ನೂರಕ್ಕೆ ಸುಮಾರು ಎಂಟು ಜನ ಸತ್ತಿದ್ದರು. ಅಂಥ ಕಾಲದ ತಾಯಿ ಸಾವಿಗೆ ಬಾಗಿಲು ಮುಚ್ಚಿ ಕೂರುವುದಿಲ್ಲ. ಅಲ್ಲಿಯೂ ಕಂದನಿಗೆ ಒಂದು ಕೆಲಸ ಹುಡುಕಿಡುತ್ತಾಳೆ: ತುವೊನಿಯ ಹೊಲದಲ್ಲಿ ದನ ಕಾಯುವುದು. ಸಂಜೆಯಾದರೆ ಆ ಲೋಕದ ಕನ್ಯೆಯ ಮಡಿಲಲ್ಲಿ ತೂಗಿಸಿಕೊಳ್ಳಬಹುದು, ರಾತ್ರಿ ಹಕ್ಕಿಯ ದನಿ ಕೇಳಬಹುದು. ಆ ಹಕ್ಕಿ ರಾಟೆ ತಿರುಗಿದಂತೆ ಒಂದೇ ಸಮನೆ ಮೊರೆಯುತ್ತದೆ. ಫಿನ್ನಿಶ್‌ನಲ್ಲಿ ಅದರ ಹೆಸರಿಗೇ ‘ನೂಲುವವಳು’ ಎಂಬ ಅರ್ಥವಿದೆ. ದನ, ಹೊಲ, ರಾಟೆ, ತೊಟ್ಟಿಲು. ಪರಲೋಕವೂ ಅವರ ಹಳ್ಳಿಯಂತೆಯೇ ಇದೆ.

ಸಿಬೆಲಿಯಸ್ ಇದನ್ನು ಮೊದಲು ಹೊಂದಿಸಿದ್ದು ಗಂಡಸರ ಗಾಯನವೃಂದಕ್ಕೆ. ಪಕ್ಕವಾದ್ಯವೇ ಇಲ್ಲ. ಮುಗಿಯಲು ಎರಡು ಮೂರು ನಿಮಿಷ ಸಾಕು. ತುಂಬಿದ ಸಭೆಯಲ್ಲಿ ಸಾಲಾಗಿ ನಿಂತ ಗಂಡಸರು ತಾಯಿಯ ಬಾಯಿಯ ಜೋಗುಳವನ್ನು ದನಿ ತಗ್ಗಿಸಿ ಹಾಡುತ್ತಾರೆ. ಬಿಕ್ಕುವುದಿಲ್ಲ, ಗೋಳಾಡುವುದಿಲ್ಲ. ಸ್ವರಗಳು ಒಟ್ಟೊಟ್ಟಿಗೆ ಹೆಜ್ಜೆಯಿಡುತ್ತವೆ, ಶವಯಾತ್ರೆಯಲ್ಲಿ ಹೆಗಲು ಕೊಟ್ಟವರ ಹಾಗೆ. ದುಃಖವನ್ನು ಹೊರುವ ಈ ಬಗೆಯನ್ನೇ ನಾನು ಫಿನ್ನರ ಗುಣ ಎಂದು ನಂಬಿದ್ದೇನೆ.

ಕೊನೆಯ ಪದ್ಯದಲ್ಲಿ ‘ಕೌಕನ’ ಎಂಬ ಪದ ಎರಡು ಸಲ ಬರುತ್ತದೆ. ಕೌಕನ ಎಂದರೆ ದೂರ. ಹಗೆ, ಜಗಳ ದೂರ. ಕಪಟದ ಲೋಕ ದೂರ. ಹಾಡು ಕೇಳುವಾಗ ಆ ಪದಕ್ಕೆ ಕಿವಿಗೊಡಿ.