ಮೂರು ಹೆಣ್ಣು ಗಪ್ಪಿ, ಮೂವತ್ತೊಂದು ಮರಿ

ಕೇಳುಗರಿಗೆ ನಮಸ್ಕಾರ.

ಜುಲೈ, ಆಗಸ್ಟ್ ನಡುವೆ ಬರುವ ನಮ್ಮ ಕಕ್ಕಡ ತಿಂಗಳ ಒಂದು ಬೆಳಿಗ್ಗೆ. ಮಡಿಕೇರಿಯಲ್ಲಿ ಆಗಿನ ಮಳೆ ಹೇಗಿರುತ್ತದೆ ಅಂತ ನಾನು ನಿಮಗೆ ಹೇಳಬೇಕಿಲ್ಲ. ಮೂರು ದಿನದಿಂದ ಬಿಸಿಲು ಕಂಡಿರಲಿಲ್ಲ. ಬಟ್ಟೆಯೆಲ್ಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲೇ ಒಣಗಬೇಕಿತ್ತು. ಕಾಫಿಗೆ ನೀರಿಟ್ಟಿದ್ದೆ, ಅಷ್ಟರಲ್ಲಿ ಹಾಲ್‌ನಿಂದ ಮಗ ಕೂಗಿದ. "ಅಮ್ಮಾ, ಮೀನಿನ ನೀರಲ್ಲಿ ಹುಳ ಆಗಿದೆ, ಬೇಗ ಬಾ!"

ಹೋಗಿ ಬಗ್ಗಿ ನೋಡಿದೆ. ಹುಳ ಅಲ್ಲ. ಜೀರಿಗೆ ಕಾಳಿಗಿಂತ ಚೂರು ಉದ್ದ ಇರಬಹುದು. ಗಾಜಿನಂಥ ಮೈ. ಟಾರ್ಚ್ ಹಿಡಿದರೆ ಒಳಗಿನ ಬೆನ್ನುಮೂಳೆಯ ಗೆರೆ ಕಾಣುತ್ತಿತ್ತು. ಮುಂದೆ ಎರಡು ದೊಡ್ಡ ಕಪ್ಪು ಕಣ್ಣು. ಕೆಲವು ತಳದ ಕಲ್ಲಿನ ಮೇಲೆ ಸುಮ್ನೆ ಕೂತಿದ್ದವು, ಕೆಲವು ಗಿಡದ ಎಲೆಯಡಿ ಅಡಗಿದ್ದವು. ಮೀನಿನ ಮರಿಗಳು!

ನಮಗೆ ಅರ್ಥವೇ ಆಗಲಿಲ್ಲ. ಯಾಕಂದ್ರೆ ನಮ್ಮ ಮನೆಯಲ್ಲಿದ್ದದ್ದು ಮೂರು ಗಪ್ಪಿ, ಮೂರೂ ಹೆಣ್ಣು. ಮರಿಯ ರಗಳೆ ಬೇಡ ಅಂತ ಅಂಗಡಿಯಲ್ಲಿ ಕೇಳಿ, ಹೆಣ್ಣನ್ನೇ ಆರಿಸಿ ತಂದಿದ್ದೆವು. ಗಂಡೇ ಇಲ್ಲದ ಮನೆಯಲ್ಲಿ ಮರಿ ಎಲ್ಲಿಂದ ಬಂತು?

ಆಮೇಲೆ ಓದಿ ತಿಳಿದುಕೊಂಡೆ. ಗಪ್ಪಿ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹೆರುತ್ತದೆ. ಅಂಗಡಿಯಲ್ಲಿ ಸಿಗುವ ಮಾಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಎಂಬ ಮೀನುಗಳೂ ಹಾಗೇ. ಹೆಣ್ಣು ಗಪ್ಪಿ ಒಂದು ಸಲ ಗಂಡಿನ ಜೊತೆ ಕೂಡಿದರೆ ಸಾಕು, ಗಂಡಿನ ವೀರ್ಯವನ್ನು ಮೈಯೊಳಗೆ ತಿಂಗಳುಗಟ್ಟಲೆ ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ಅದರಿಂದಲೇ ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತಾ ಹೋಗುತ್ತದೆ. ಅಂಗಡಿಯ ಗಾಜಿನ ತೊಟ್ಟಿಯಲ್ಲಿ ಗಂಡು ಹೆಣ್ಣು ಒಟ್ಟಿಗೆ ಇರುತ್ತವೆ. ಅಂದರೆ ನಾವು ತಂದದ್ದು ಮೂರು ಬಸುರಿಯರನ್ನು. ಈಗ ಹಿಂದಿನದು ನೆನೆಸಿಕೊಂಡರೆ ಗುರುತು ಕಣ್ಣ ಮುಂದೆಯೇ ಇತ್ತು. ಹೊಟ್ಟೆಯ ಹಿಂಭಾಗದಲ್ಲಿ ಒಂದು ಕಪ್ಪು ಮಚ್ಚೆ, ದಿನ ಹೋದ ಹಾಗೆ ಅದು ದೊಡ್ಡದಾಗಿ ಕಡುಬಣ್ಣಕ್ಕೆ ತಿರುಗುತ್ತದೆ. ನಾವು ಅದನ್ನು ಬಣ್ಣ ಅಂದುಕೊಂಡಿದ್ದೆವು.

ನಾವು ನೋಡುತ್ತಿದ್ದ ಹಾಗೇ ಒಂದು ದೊಡ್ಡ ಮೀನು ಬಂದು ಒಂದು ಮರಿಯನ್ನು ಗುಳುಂ ಮಾಡಿತು. ಮಗ ಅತ್ತೇಬಿಟ್ಟ. "ಅದರ ಅಮ್ಮನೇ ಅಲ್ವಾ ಅದು?" ಅಂದ. ಗಪ್ಪಿಗೆ ತನ್ನ ಮರಿ ಎಂಬ ಗುರುತಿಲ್ಲ. ಬಾಯಿಗೆ ಹಿಡಿಸುವಷ್ಟು ಚಿಕ್ಕದಾಗಿ ಓಡಾಡುವುದೆಲ್ಲ ಅದಕ್ಕೆ ತಿಂಡಿ. ಹಾಗಾಗಿ ಮರಿ ಕಂಡ ತಕ್ಷಣ ಅವುಗಳಿಗೆ ಬೇಕಾದದ್ದು ಮರೆ. ತಿಂಡಿಯ ಮಾತು ಆಮೇಲೆ.

ಬಲೆ ಹಾಕಬೇಡಿ, ಮರಿಯ ಮೈ ತುಂಬಾ ಸೂಕ್ಷ್ಮ. ಒಂದು ಲೋಟವನ್ನು ನೀರೊಳಗೆ ಮೆಲ್ಲಗೆ ಓರೆಯಾಗಿ ಇಳಿಸಿದರೆ ಮರಿ ನೀರಿನ ಜೊತೆಗೇ ಒಳಗೆ ಬರುತ್ತದೆ. ಹಾಗೇ ಲೋಟದಲ್ಲಿ ಹಿಡಿದು ಎಣಿಸಿದೆವು. ಅವತ್ತು ಇಪ್ಪತ್ತನಾಲ್ಕು, ಮಾರನೇ ದಿನ ಗಿಡದ ಸಂದಿಯಲ್ಲಿ ಇನ್ನೂ ಏಳು. ಒಟ್ಟು ಮೂವತ್ತೊಂದು.

ಎಲ್ಲಿಗೆ ಹಾಕುವುದು? ಇಲ್ಲಿ ದಯವಿಟ್ಟು ನನ್ನ ಮಾತು ಗಮನವಿಟ್ಟು ಕೇಳಿ. ಹೊಸ ಬಕೆಟ್ ತೊಳೆದು, ಹೊಸ ನೀರು ತುಂಬಿಸಿ, ಅದಕ್ಕೆ ಮರಿ ಬಿಡಬೇಡಿ. ನೋಡುವುದಕ್ಕೆ ಶುದ್ಧ, ಆದರೆ ಮೀನಿಗೆ ಅದು ಒಳ್ಳೆಯದಲ್ಲ. ಮೀನಿನ ಹಿಕ್ಕೆಯಿಂದ, ಉಳಿದ ತಿಂಡಿ ಕೊಳೆತು, ನೀರಿನಲ್ಲಿ ಅಮೋನಿಯ ಸೇರುತ್ತದೆ. ಅದು ವಿಷ. ಹಳೇ ತೊಟ್ಟಿಯ ಫಿಲ್ಟರಿನ ಸ್ಪಾಂಜಿನಲ್ಲಿ, ಕಲ್ಲಿನ ಮೇಲೆ ಬೆಳೆದಿರುವ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ಅದನ್ನು ಅರಗಿಸುತ್ತವೆ. ಹೊಸ ತೊಟ್ಟಿಯಲ್ಲಿ ಅವು ಬೆಳೆಯಲು 4ರಿಂದ 6 ವಾರ ಬೇಕು. ಅದಕ್ಕೇ ಮರಿಯ ತೊಟ್ಟಿಗೆ ದೊಡ್ಡ ತೊಟ್ಟಿಯ ನೀರನ್ನೇ ಹಾಕಿ, ಅದರ ಸ್ಪಾಂಜಿನ ಒಂದು ತುಂಡನ್ನೂ ಜೊತೆಗೆ ಹಾಕಿ. ಜಾವಾ ಮಾಸ್ ಎಂಬ ಪಾಚಿ ಸಿಕ್ಕರೆ ಒಂದು ಹಿಡಿ ಸಾಕು. ಮರಿಗೆ ಅಡಗಲು ಜಾಗವೂ ಆಯಿತು, ಅದರ ಮೇಲಿನ ಸೂಕ್ಷ್ಮ ಜೀವಿಗಳನ್ನು ಹೆಕ್ಕಿ ತಿನ್ನುವುದಕ್ಕೂ ಆಯಿತು. ಜೋರಾಗಿ ನೀರು ಎಳೆಯುವ ಫಿಲ್ಟರ್ ಬೇಡ, ಮರಿಯನ್ನೂ ಎಳೆದುಬಿಡುತ್ತದೆ. ಗುಳ್ಳೆ ಬರುವ ಸ್ಪಾಂಜ್ ಫಿಲ್ಟರ್ ಒಳ್ಳೆಯದು.

ಇನ್ನು ತಿಂಡಿ. ನಾನು ಮರಿಗಳನ್ನು ಕಳೆದುಕೊಂಡದ್ದು ಇಲ್ಲೇ. ಬೇಯಿಸಿದ ಮೊಟ್ಟೆಯ ಹಳದಿ ಕೊಡಬಹುದು ಅಂತ ಕೇಳಿದ್ದೆ. ನಿಜ, ಕೊಡಬಹುದು. ಆದರೆ ಎಷ್ಟು ಅಂತ ನನಗೆ ಗೊತ್ತಿರಲಿಲ್ಲ. ಉದ್ದಿನ ಕಾಳಿನಷ್ಟು ಹಳದಿಯನ್ನು ನೀರಲ್ಲಿ ಕದಡಿ ಹಾಕಿದೆ. ಬೆಳಿಗ್ಗೆ ಎದ್ದಾಗ ನೀರು ಅಕ್ಕಿ ತೊಳೆದ ನೀರಿನ ಹಾಗಾಗಿತ್ತು, ಮೂಗಿಗೆ ಹುಳಿ ವಾಸನೆ. ಒಂಬತ್ತು ಮರಿ ತಳ ಸೇರಿದ್ದವು. ಉಳಿದವು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಕೂಡಲೇ ಅರ್ಧ ನೀರು ತೆಗೆದು ದೊಡ್ಡ ತೊಟ್ಟಿಯ ನೀರು ಹಾಕಿದ್ದಕ್ಕೆ ಇಪ್ಪತ್ತೆರಡು ಉಳಿದವು. ಆ ಒಂಬತ್ತನ್ನು ಮಗ ಗುಲಾಬಿ ಗಿಡದ ಬುಡದಲ್ಲಿ ಮಣ್ಣು ಮಾಡಿದ.

ಆಮೇಲಿಂದ ಹಳದಿಯ ತಂಟೆಗೇ ಹೋಗಲಿಲ್ಲ. ದೊಡ್ಡ ಮೀನಿಗೆ ಹಾಕುವ ತಿಂಡಿಯನ್ನೇ ಎರಡು ಬೆರಳ ನಡುವೆ ರಾಗಿ ಹಿಟ್ಟಿನಷ್ಟು ನುಣ್ಣಗೆ ಉಜ್ಜಿ, ಬೆರಳ ತುದಿಗೆ ಅಂಟಿದ್ದನ್ನು ಮಾತ್ರ ನೀರಿಗೆ ತಾಕಿಸುವುದು. ದಿನಕ್ಕೆ ನಾಲ್ಕು ಸಲ. ಎರಡು ನಿಮಿಷದಲ್ಲಿ ಖಾಲಿ ಆಗಬೇಕು. ತಿಂದ ಮರಿಯ ಹೊಟ್ಟೆ ಸಣ್ಣ ಸಾಸಿವೆಯ ಹಾಗೆ ದುಂಡಗೆ ಕಾಣುತ್ತದೆ. ಅಷ್ಟು ಕಂಡರೆ ಸಾಕು. ಆರ್ಟೀಮಿಯಾ ಎಂಬ ಸಿಗಡಿಯಂಥ ಪುಟ್ಟ ಜೀವಿಯ ಮೊಟ್ಟೆ ಅಂಗಡಿಯಲ್ಲಿ ಸಿಕ್ಕರೆ ಉಪ್ಪು ನೀರಲ್ಲಿ ಗುಳ್ಳೆ ಬಿಟ್ಟು ಇಡಿ, ಒಂದೂವರೆ ದಿನದೊಳಗೆ ಮರಿಯಾಗುತ್ತವೆ. ಅದನ್ನು ತಿಂದ ಗಪ್ಪಿ ಬೇಗ ಬೆಳೆಯುತ್ತದೆ. ಎರಡು ದಿನಕ್ಕೊಮ್ಮೆ ಸ್ವಲ್ಪ ನೀರು ಬದಲಾಯಿಸಿ, ಕಾಲು ಭಾಗಕ್ಕಿಂತ ಜಾಸ್ತಿ ಬೇಡ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲಿ ಅಂತ ಒಂದು ದಿನ ಬಾಯಿ ತೆರೆದು ಇಡಿ.

ನಮ್ಮೂರಿಗೇ ಸೇರಿದ ಕೆಲವು ಮಾತಿವೆ. ಒಂದು, ಚಳಿ. ಗಪ್ಪಿ ಬಿಸಿ ನಾಡಿನ ಮೀನು. ಮರಿಗೆ 24ರಿಂದ 26 ಡಿಗ್ರಿ ಇದ್ದರೆ ಚೆನ್ನ. ಮಳೆಗಾಲದಲ್ಲಿ ನಮ್ಮ ಹಾಲ್‌ನ ನೀರು 19ಕ್ಕೆ ಇಳಿದಿತ್ತು. ಸಣ್ಣ ಹೀಟರ್ ಹಾಕಿದ ಮೇಲೆಯೇ ಮರಿಗಳು ಚುರುಕಾಗಿ ತಿನ್ನತೊಡಗಿದ್ದು. ಇನ್ನೊಂದು, ಕರೆಂಟ್. ಮರ ಬಿದ್ದು ಎರಡು ದಿನ ಹೋಯಿತು ಅಂದರೆ ಏನು ಮಾಡುವುದು? ತೊಟ್ಟಿಯ ಸುತ್ತ ಕಂಬಳಿ ಸುತ್ತಿ, ಮೇಲ್ಭಾಗ ಮಾತ್ರ ಗಾಳಿಗೆ ಬಿಡಿ. ಆಗಾಗ ಲೋಟದಲ್ಲಿ ನೀರು ಮೊಗೆದು ಒಂದು ಗೇಣು ಮೇಲಿಂದ ಹುಯ್ಯಿರಿ, ಗಾಳಿ ಸೇರುತ್ತದೆ. ಆ ದಿನ ತಿಂಡಿಯನ್ನು ತೀರಾ ಕಡಿಮೆ ಮಾಡಿ.

ಬಾವಿ ನೀರಿನದ್ದೂ ಒಂದು ಮಾತು. ನಮ್ಮ ಬಾವಿಯ ನೀರು ಬಹಳ ಮೆದು, ಅಂದರೆ ಅದರಲ್ಲಿ ಸುಣ್ಣದಂಥ ಲವಣ ಕಡಿಮೆ. ಗಪ್ಪಿಗೆ ಸ್ವಲ್ಪ ಗಡಸು ನೀರು ಇಷ್ಟ. ಕುದಿಸಿ ತೊಳೆದ ಕಪ್ಪೆಚಿಪ್ಪಿನ ಚೂರನ್ನು ಬಟ್ಟೆಯಲ್ಲಿ ಕಟ್ಟಿ ಒಳಗೆ ಇಟ್ಟೆವು, ಒಗ್ಗಿತು.

ತೋಟದ ಮನೆಯವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಕಾಫಿಗೆ, ಮೆಣಸಿಗೆ ಬೋರ್ಡೋ ಔಷಧಿ ಹೊಡೆದು ಬಂದ ಕೈಯನ್ನು ಮೀನಿನ ನೀರಿಗೆ ಹಾಕಬೇಡಿ. ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಮೆದು ನೀರಿನಲ್ಲಂತೂ ಚೂರು ತಾಮ್ರ ಸಾಕು, ಮರಿ ಸಾಯುತ್ತದೆ. ಬೋರ್ಡೋ ಕಲಸಿದ ಬಕೆಟ್ಟನ್ನು ಎಷ್ಟು ತೊಳೆದರೂ ಮೀನಿಗೆ ಬಳಸಬೇಡಿ. ತೋಟದ ಬೇಲಿಯ ಕಲ್ಲಿನಿಂದ ಕಿತ್ತ ಹಸಿರು ಪಾಚಿಯೂ ಬೇಡ.

ಮೂರು, ನಾಲ್ಕು ವಾರ ಆಗುವಾಗ ಗಂಡು ಯಾವುದು ಗೊತ್ತಾಗುತ್ತದೆ. ಹೊಟ್ಟೆಯಡಿಯ ಹಿಂದಿನ ರೆಕ್ಕೆ ಹೆಣ್ಣಿಗೆ ಬೀಸಣಿಗೆಯ ಹಾಗೆ, ಗಂಡಿಗೆ ಕಡ್ಡಿಯ ಹಾಗೆ ಚೂಪು. ಆಗಲೇ ಬೇರೆ ಮಾಡಬೇಕು. ಇಲ್ಲದಿದ್ದರೆ ಅಕ್ಕ ತಮ್ಮಂದಿರ ನಡುವೆಯೇ ಮರಿ ಶುರುವಾಗುತ್ತದೆ. ನಮ್ಮಲ್ಲಿ ಹತ್ತು ಗಂಡು, ಹನ್ನೆರಡು ಹೆಣ್ಣು.

"ಜಾಸ್ತಿ ಆದರೆ ತೋಡಿಗೆ ಬಿಡಿ ಅಕ್ಕಾ, ಸೊಳ್ಳೆ ಮರಿ ತಿನ್ನುತ್ತೆ" ಅಂದರು ಪಕ್ಕದ ಮನೆಯವರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಬಿಡಬಾರದು. ಗಪ್ಪಿ ದಕ್ಷಿಣ ಅಮೆರಿಕದ ಕಡೆಯ ಮೀನು. ನಮ್ಮ ತೋಡೆಲ್ಲ ಕೊನೆಗೆ ಸೇರುವುದು ಹೊಳೆಗೆ. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಮೀನು ಪೂರ್ತಿ ಅಳಿಯುವ ಅಂಚಿನಲ್ಲಿದೆ ಅಂತ 2018ರಲ್ಲಿ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಿದ್ದಾರೆ. ಅದಕ್ಕೆ ಕಾರಣ ಗಪ್ಪಿ ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮ ನೀರಿನ ಸಣ್ಣ ಮೀನು, ಕಪ್ಪೆಮರಿ ತಿನ್ನುವ ತುತ್ತಿಗೆ ಹೊರಗಿನವರನ್ನು ನಾವೇ ಯಾಕೆ ತಂದು ಕೂರಿಸಬೇಕು? ತಿಂಗಳಿಗೊಮ್ಮೆ ಹೆರುವ ಮೀನನ್ನು ಒಮ್ಮೆ ಬಿಟ್ಟರೆ ವಾಪಸ್ ಹಿಡಿಯುವವರಿಲ್ಲ. ತೊಟ್ಟಿ ಇರುವ ಮನೆಗಳನ್ನು ಹುಡುಕಿ ಗಂಡುಗಳನ್ನೆಲ್ಲ ಕೊಟ್ಟೆವು.

ಕೈಲ್‌ಮುಹೂರ್ತ ಹಬ್ಬದ ಹಿಂದಿನ ದಿನ ಕೊನೆಯ ಎರಡು ಗಂಡನ್ನು ಕವರಿನಲ್ಲಿ ಕಟ್ಟುವಾಗ ಒಂದರ ಬಾಲದಲ್ಲಿ ಕಿತ್ತಳೆ ಬಣ್ಣದ ಚುಕ್ಕೆ ಮೂಡಿತ್ತು. ಮಗ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ದೊಡ್ಡ ತೊಟ್ಟಿಯ ಹತ್ತಿರ ಹೋಗಿ ತಾಯಿ ಮೀನಿನ ಹೊಟ್ಟೆ ನೋಡಿದ. ಮಚ್ಚೆ ಮತ್ತೆ ಕಪ್ಪಾಗಿತ್ತು. ಏನೂ ಹೇಳದೆ ಲೋಟ ತಂದು, ಮರಿಯ ತೊಟ್ಟಿಗೆ ಹಳೇ ನೀರು ತುಂಬಿಸತೊಡಗಿದ.

ನಮಸ್ಕಾರ.