ಬೆಕ್ಕು ಮಾಡಿತೆ?

ಕೇಳುಗರಿಗೆ ನಮಸ್ಕಾರ.

26 ವಾರಗಳ ಹೆರಿಗೆ ರಜೆ ಮುಗಿದ ಮೇಲೆ ನನ್ನ ಮಗಳು ಕೂಸನ್ನು ಬೆಂಗಳೂರಿನ ಒಂದು ಡೇ ಕೇರಿಗೆ ಸೇರಿಸಿದಳು. ನಾನೂ ನೋಡಲು ಹೋಗಿದ್ದೆ. ಗೋಡೆಯ ತುಂಬ ಆನೆ, ಜಿರಾಫೆ. ಮೂಲೆ ಮೂಲೆಗೆ ಕ್ಯಾಮೆರಾ. ನೆಲಕ್ಕೆ ಮೆತ್ತನೆಯ ಚಾಪೆ. ಮದ್ದೂರು ಕಡೆಯ ಒಬ್ಬ ಆಯಾ. ಮಕ್ಕಳ ಜೊತೆ ಇಂಗ್ಲಿಷಿನಲ್ಲೇ ಮಾತನಾಡಬೇಕೆಂದು ಪೋಷಕರು ಹೇಳಿದ್ದರಂತೆ. ಆಕೆಗೆ ಬರುತ್ತಿದ್ದದ್ದು ಮೂರು ಮಾತು: ಕಮ್, ಸಿಟ್, ನೋ. ಅವನ್ನೇ ಬೆಳಗಿನಿಂದ ಸಂಜೆಯವರೆಗೆ ತಿರುಗಿಸಿ ಮುರುಗಿಸಿ ಹೇಳುತ್ತಿದ್ದಳು.

ನಮ್ಮ ಕೂಸಿನ ಡೈಪರ್ ಬದಲಿಸಲು ಪರದೆಯ ಆಚೆಗೆ ಹೋದಾಗ ಮಾತ್ರ ಆಕೆಯ ಬಾಯಿ ಬಿಚ್ಚಿಕೊಂಡಿತು. "ಅಯ್ಯೋ ಕಂದ, ಒದ್ದೆ ಮಾಡಿಕೊಂಡೆಯಾ? ಯಾರು ಮಾಡಿದ್ದು? ನೀನಾ, ನಾನಾ?" ಎಂದು ಕೇಳಿ ಸುಮ್ಮನಾದಳು. ಕೂಸು "ಬ್ಬೂ" ಎಂದಿತು. "ಓಹೋ, ಬೆಕ್ಕು ಮಾಡಿತೆ!" ಮತ್ತೆ ಸುಮ್ಮನಾದಳು. ಕೂಸು ಕಾಲು ಒದೆದು ಇನ್ನೊಮ್ಮೆ "ಬ್ಬೂ" ಎಂದಿತು.

ಭಾಷೆ ಕಲಿಯುವುದು ಹೀಗೆಯೇ. ಕೇಳಿ, ಸುಮ್ಮನಾಗಿ, ಮಗುವಿನ ಸರದಿಗೆ ಕಾಯುವ ಆ ಒಂದೆರಡು ಕ್ಷಣದಲ್ಲಿ. ಎಂಟು ಕೂಸುಗಳನ್ನು ಒಬ್ಬಳ ಮಡಿಲಿಗೆ ಹಾಕಿದರೆ ಮೊದಲು ಹೋಗುವುದು ಆ ಕ್ಷಣವೇ. ಊಟ, ನಿದ್ದೆ, ಶುಚಿ ಎಲ್ಲವೂ ಹೇಗೋ ನಡೆದುಹೋಗುತ್ತದೆ, ಮಾತು ನಿಂತುಹೋಗುತ್ತದೆ.

ಇದರಲ್ಲಿ ಅವಸರವೂ ಇದೆ. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಹಿಂದಿಯ ತ ಮತ್ತು ಟ ಧ್ವನಿಗಳನ್ನು ಇಂಗ್ಲಿಷ್ ಮನೆಗಳ ಶಿಶುಗಳಿಗೆ ಕೇಳಿಸಿದರು. ನಾವು 'ತಟ್ಟೆ' ಎನ್ನುವಾಗ ಎರಡೂ ಬರುತ್ತವಲ್ಲ, ಅವೇ. ಆರರಿಂದ ಎಂಟು ತಿಂಗಳ ಶಿಶುಗಳು ವ್ಯತ್ಯಾಸ ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವುಗಳ ಕಿವಿಗೆ ಎರಡೂ ಒಂದೇ ಆಗಿದ್ದವು. ಸುತ್ತಲಿನವರು ಆಡದ ಧ್ವನಿಯನ್ನು ಕಿವಿ ಅಷ್ಟು ಬೇಗ ಕೈಬಿಡುತ್ತದೆ.

ಹಾಗಾದರೆ ಟಿವಿ ಹಚ್ಚಿಟ್ಟರಾಯಿತಲ್ಲ ಎನ್ನಬೇಡಿ. ಅಮೆರಿಕದ ಪೆಟ್ರೀಷಿಯಾ ಕುಲ್ ಅವರ ತಂಡ ಒಂಬತ್ತು ತಿಂಗಳ ಶಿಶುಗಳಿಗೆ ಹನ್ನೆರಡು ಬಾರಿ ಚೀನೀ ಭಾಷೆ ಕೇಳಿಸಿತು. ಎದುರು ಕುಳಿತು ಆಡಿಸಿದವರಿಂದ ಶಿಶುಗಳು ಆ ಧ್ವನಿಗಳನ್ನು ಕಲಿತವು. ಅದನ್ನೇ ಪರದೆಯ ಮೇಲೆ ತೋರಿಸಿದಾಗ ಏನೂ ಕಲಿಯಲಿಲ್ಲ. ಧ್ವನಿಯನ್ನಷ್ಟೇ ಕೇಳಿಸಿದಾಗಲೂ ಅಷ್ಟೇ. ಬಾನುಲಿಯಲ್ಲಿ ಕುಳಿತು ಇದನ್ನು ಹೇಳುವಾಗ ನನಗೇ ನಗು ಬರುತ್ತದೆ.

ಡೇ ಕೇರಿಗೆ ಹಾಕಿದ ತಾಯಂದಿರನ್ನು ಹೆದರಿಸಲು ನಾನಿಲ್ಲಿ ಬಂದಿಲ್ಲ. 1991ರಲ್ಲಿ ಅಮೆರಿಕದ ಹತ್ತು ಕಡೆ ಸಾವಿರದ ಮುನ್ನೂರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಲು ಶುರುಮಾಡಿದ ದೊಡ್ಡ ಅಧ್ಯಯನದಲ್ಲೂ ಮನೆಯ ಪ್ರಭಾವವೇ ಹೆಚ್ಚೆಂದು ಕಂಡಿತು. ಆರೈಕೆ ಮಾಡುವವರು ಮಗುವಿನೊಡನೆ ಹೆಚ್ಚು ಮಾತನಾಡಿದ ಕಡೆ ಮಕ್ಕಳ ಭಾಷೆಯೂ ಸ್ವಲ್ಪ ಮುಂದಿತ್ತು. ಅಜ್ಜಿಯ ಮನೆಯೆಂದರೆ ಮಾತಿನ ಕಣಜ ಎಂದೂ ಭಾವಿಸಬೇಕಿಲ್ಲ. ದಿನವಿಡೀ ಧಾರಾವಾಹಿ ನೋಡುವ ಅಜ್ಜಿಯರನ್ನು ನಾನು ಬಲ್ಲೆ.

ನಮ್ಮ ಸರ್ಕಾರ 2023ರಲ್ಲಿ ಘೋಷಿಸಿದ 'ಕೂಸಿನ ಮನೆ'ಗಳಲ್ಲಿ ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವವರು ಅದೇ ಊರಿನ ಹೆಂಗಸರು. ಮನೆಯಲ್ಲಿ ಕೇಳಿದ ಮಾತೇ ಅಲ್ಲಿಯೂ ಕೂಸಿನ ಕಿವಿಗೆ ಬೀಳುತ್ತದೆ. ದುಡ್ಡು ಸುರಿದು ನಾವು ಬೆಂಗಳೂರಿನಲ್ಲಿ ಬಾಯಿ ಮುಚ್ಚಿಸಿರುವುದು ಆ ಮಾತನ್ನೇ.

ಮನೆಗೆ ಬಂದು ಮಗಳಿಗೆ ಪರದೆಯ ಆಚೆಯ ಸಂಗತಿ ಹೇಳಿದೆ. ಮರುದಿನ ಅವಳು ಆಯಾಗೆ, "ಅಕ್ಕಾ, ನಿಮ್ಮ ಮಾತಿನಲ್ಲೇ ಆಡಿಸಿ" ಎಂದಳು. ಆಕೆ ನಂಬಲಿಲ್ಲವಂತೆ, ಎರಡು ಸಲ ಕೇಳಿದಳಂತೆ.

ಈಗ ಮೊಮ್ಮಗಳಿಗೆ ಹದಿನಾಲ್ಕು ತಿಂಗಳು. ಬಟ್ಟೆ ಒದ್ದೆಯಾದರೆ ಸಾಕು, ಬೆರಳು ತೋರಿಸಿ "ಬೆಕ್ಕು" ಎನ್ನುತ್ತಾಳೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ.