ಶೇಕಡಾ ಬಿಡ್ರಿ, ನಿಮ್ಮ ಕಾಲಂ ನೋಡ್ರಿ

ನಮಸ್ಕಾರ್ರಿ. ಎಂಜಿನಿಯರಿಂಗ್ ಸೀಟಿನ ಪ್ರವೇಶ ಪರೀಕ್ಷೆ ಸಿಇಟಿ ರಿಸಲ್ಟ್ ಬಂತಂದ್ರ ಬೆಳಗಾವಿ, ಬಾಗಲಕೋಟಿ, ವಿಜಯಪುರ, ಎಲ್ಲಿ ಹೋದ್ರೂ ಒಂದ ಮಾತು: "ಈ ಸಲ ಕಾಂಪಿಟೇಷನ್ ಭಾಳ ಐತಿ, ಸೀಟ್ ಸಿಗೂದಿಲ್ಲ." ಈ ಹೆದರಿಕಿನ ಏಜೆಂಟರ ಬಂಡವಾಳ. ಕೌನ್ಸೆಲಿಂಗ್ ಶುರು ಆಗೂದ್ರೊಳಗ ಮ್ಯಾನೇಜ್‌ಮೆಂಟ್ ಸೀಟಿಗೆ ಅಡ್ವಾನ್ಸ್ ಕಟ್ಟಿಸ್ಕೊಂಡು ಬಿಡ್ತಾರ. ಅದಕ್ಕ ಹೇಳ್ತೀವಿ, ನೂರು ಮಂದ್ಯಾಗ ಎಷ್ಟು ಮಂದಿಗೆ ಸೀಟು ಅನ್ನೋ ಲೆಕ್ಕ ನಿಮ್ಮ ಮಗಳ ಸೀಟಿನ ಬಗ್ಗೆ ಏನೂ ಹೇಳೂದಿಲ್ಲ.

ಅಮೆರಿಕದ ಹಾರ್ವರ್ಡ್ ನೋಡ್ರಿ. 2020ರಾಗ 40,248 ಅರ್ಜಿ, 1,980 ಮಂದಿಗೆ ಪ್ರವೇಶ. ಮರುವರ್ಷ ಎಸ್‌ಎಟಿ ಅನ್ನೋ ಅಲ್ಲಿನ ಪ್ರವೇಶ ಪರೀಕ್ಷೆ ಅಂಕ ಕಡ್ಡಾಯ ಇರಲಿಲ್ಲ, ಅರ್ಜಿ 57,435ಕ್ಕ ಏರಿದ್ವು. ಪ್ರವೇಶ ಸಿಕ್ಕಿದ್ದು 1,968 ಮಂದಿಗೆ. ಸುಮಾರು ಶೇ. 4.9 ಇದ್ದದ್ದು 3.4ಕ್ಕ ಇಳೀತು, ಆದ್ರ ಪ್ರವೇಶ ಕಡಿಮಿ ಆಗಿದ್ದು ಬರೇ ಹನ್ನೆರಡು. ಇಳಿದದ್ದು ಶೇಕಡಾ, ಏರಿದ್ದು ಅರ್ಜಿ.

ನಮ್ಮಲ್ಲಿ ಐಐಟಿ ಮಾತು ಬ್ಯಾರೆ. 2024ರಾಗ ಜೆಇಇ ಅಡ್ವಾನ್ಸ್‌ಡ್ ಬರ್ದವ್ರು ಸುಮಾರು 1.8 ಲಕ್ಷ, ಸೀಟು 17,740. ಅಲ್ಲಿ ಸ್ಪರ್ಧೆ ಖರೇನ ಐತಿ. ಆದ್ರ ಆ ಅಳತಿಗೋಲು ತಂದು ಸಿಇಟಿಗೆ ಹಿಡಿದ್ರ ಲೆಕ್ಕ ತಪ್ಪತೈತಿ. ಒಂದ ಕಾಲೇಜಿನ್ಯಾಗ ಕಂಪ್ಯೂಟರ್ ಸೈನ್ಸ್ ಒಂದು ರ‍್ಯಾಂಕಿಗೆ ಮುಗಿದ್ರ, ಸಿವಿಲ್ ಅದಕ್ಕಿಂತ ಎಷ್ಟೋ ದೂರ ಹೋಗಿ ಮುಗೀತೈತಿ. ಇದಕ್ಕ ಒಂದ ಶೇಕಡಾ ಹ್ಯಾಂಗ ಹಚ್ತೀರಿ?

ನೋಡಬೇಕಾದದ್ದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಟ್‌ಆಫ್ ಹಾಳಿ. ಅದರಾಗ ಒಂದೊಂದು ಬ್ರ್ಯಾಂಚಿಗೆ ಒಂದು ಸಾಲು. ಅಡ್ಡಕ್ಕ ಕಾಲಂ: 2ಎಜಿ, 2ಎಕೆ, 2ಎಆರ್, ಜಿಎಂ, ಜಿಎಂಕೆ, ಜಿಎಂಆರ್, ಹಿಂಗ. 2ಎ ಅಂದ್ರ ಹಿಂದುಳಿದ ವರ್ಗದ ಒಂದು ಗುಂಪು, ಜಿಎಂ ಅಂದ್ರ ಜನರಲ್ ಮೆರಿಟ್. ಕಡೀಕಿನ 'ಜಿ' ಅಂದ್ರ ಆ ಗುಂಪಿನ ಸಾಮಾನ್ಯ ಸೀಟು, 'ಕೆ' ಅಂದ್ರ ಕನ್ನಡ ಮಾಧ್ಯಮ, 'ಆರ್' ಅಂದ್ರ ಗ್ರಾಮೀಣ. ಒಳಗಿನ ಸಂಖ್ಯೆ ಆ ಕಾಲಂನ್ಯಾಗ ಸೀಟು ಸಿಕ್ಕ ಕಡೀ ರ‍್ಯಾಂಕ್. ಭಾಳ ಮಂದಿ ಜಿಎಂ ಒಂದ ನೋಡಿ ಕೈ ಚೆಲ್ತಾರ. ಹಳ್ಳ್ಯಾಗ, ಕನ್ನಡ ಸಾಲ್ಯಾಗ ಕಲ್ತ ಹುಡುಗನಿಗೆ ಪಕ್ಕದ ಕಾಲಂ ಐತಿ ಅನ್ನೂದ ಗೊತ್ತಿರೂದಿಲ್ಲ. ಆದ್ರ 'ಕೆ', 'ಆರ್' ಎರಡಕ್ಕೂ ಒಂದರಿಂದ ಹತ್ತನೇತ್ತ, ಪೂರ್ತಿ ಹತ್ತು ವರ್ಷದ ಓದು ಬೇಕು. ನಡುವ ಒಂದು ವರ್ಷ ಇಂಗ್ಲಿಷ್ ಮಾಧ್ಯಮಕ್ಕ ಹೋಗಿದ್ರೂ 'ಕೆ' ಹೋತು. ವ್ಯಾಸಂಗ ಪ್ರಮಾಣಪತ್ರಕ್ಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಮೊದಲ ಮಾಡಿಸಿಟ್ಕೊಳ್ರಿ, ಕಡೀ ದಿನ ಓಡ್ಯಾಡಬ್ಯಾಡ್ರಿ.

ಇನ್ನೊಂದು ತಪ್ಪು ಸಿಂದಗಿ, ಇಂಡಿ ಕಡೆ ಆಗ್ತೈತಿ. ಪಕ್ಕದ ಅಫಜಲಪುರ ಕಲ್ಯಾಣ ಕರ್ನಾಟಕ, ಅವರಿಗೆ ಸಂವಿಧಾನದ 371(ಜೆ) ವಿಧಿಯ ಪ್ರಾದೇಶಿಕ ಮೀಸಲಾತಿ ಐತಿ. ನಮ್ಮ ಮೂರೂ ಜಿಲ್ಲೆ ಅದರಾಗ ಬರೂದಿಲ್ಲ. ಅವರ ಕಟ್‌ಆಫ್ ಪಟ್ಟಿ ಬ್ಯಾರೆ. ಗೆಳೆಯನ ಪಟ್ಟಿ ನೋಡಿ ಆಸೆ ಕಟ್ಕೊಂಡ್ರ ಮೋಸ ಹೋಗ್ತೀರಿ.

ಈಗ ಆಪ್ಷನ್ ಎಂಟ್ರಿ, ಅಂದ್ರ ಬೇಕಾದ ಕಾಲೇಜು, ಬ್ರ್ಯಾಂಚು ಕ್ರಮವಾಗಿ ಬರ್ದು ಕೊಡೂದು. ಎಲ್ಲಕ್ಕಿಂತ ದೊಡ್ಡ ನಷ್ಟ ಇಲ್ಲೇ ಆಗೂದು. ನಿಮ್ಮ ರ‍್ಯಾಂಕಿನ ಪಾಳಿ ಬಂದಾಗ ಕಂಪ್ಯೂಟರ್ ನಿಮ್ಮ ಒಂದನೇ ಆಪ್ಷನ್‌ನಿಂದ ಕೆಳಗ ಇಳೀತಾ ಬರ್ತೈತಿ. ಸೀಟು ಎಲ್ಲಿ ಖಾಲಿ ಸಿಗ್ತೈತೋ ಅಲ್ಲೇ ನಿಂದ್ರತೈತಿ. "ಊರ ಕಾಲೇಜು ಗ್ಯಾರಂಟಿ" ಅಂತ ಅದನ್ನ ಮೊದಲು ಹಾಕಿದ್ರಿ ಅಂದ್ರ ಅದ ಸಿಗ್ತೈತಿ, ಅದರ ಕೆಳಗ ಬರ್ದದ್ದೆಲ್ಲಾ ವ್ಯರ್ಥ. ಬೆಳಗಾವಿ ಜಿಐಟಿ ಬೇಕು, ಸಿಗದಿದ್ರ ಬಾಗಲಕೋಟಿ ಬಸವೇಶ್ವರ ಕಾಲೇಜು ಅಂತ ಮನಸಿನ್ಯಾಗ ಇದ್ರ ಅದ ಕ್ರಮದಾಗ ಬರೀರಿ. ಮ್ಯಾಲಿನ ಆಸೆಯಿಂದ ಕೆಳಗಿನ ಸೀಟಿಗೆ ಧಕ್ಕಿ ಬರೂದಿಲ್ಲ. ಹತ್ತು ಬರ್ದು ನಿಲ್ಲಿಸಬ್ಯಾಡ್ರಿ.

ಸೀಟು ಬಂದ ಮ್ಯಾಲ ನಾಕು ಚಾಯ್ಸ್. ಒಂದು ಅಂದ್ರ ಇದ ಸಾಕು. ಎರಡು ಅಂದ್ರ ಇದು ಕೈಯಾಗಿರಲಿ, ಮುಂದಿನ ಸುತ್ತಿನ್ಯಾಗ ಮ್ಯಾಲಿಂದು ನೋಡ್ತೀನಿ. ಮೂರು ಅಂದ್ರ ಇದನ್ನ ಬಿಟ್ಟು ಮುಂದಿನ ಸುತ್ತಿಗೆ ಹೋಗ್ತೀನಿ. ನಾಕು ಅಂದ್ರ ಹೊರಗ. ಎರಡು ಒತ್ತಬೇಕಾದಲ್ಲಿ ಮೂರು ಒತ್ತಿ ಕೈಯಾಗಿನ ಸೀಟು ಕಳ್ಕೊಳ್ಳೋ ಹುಡುಗರನ್ನ ನೆನಸಿದ್ರ ಹೊಟ್ಟಿ ಉರೀತೈತಿ.

ಮೊದಲ ಸುತ್ತಿಗಿಂತ ಮುಂಚೆ ಅಣಕು ಹಂಚಿಕೆ ಬರ್ತೈತಿ. ಅದು ಸೀಟಲ್ಲ, ಸುಳಿವು. ಬಂದ ದಿನ ರಾತ್ರಿ ನಿಮ್ಮ ಕಾಲಂನ ಹೋದ ವರ್ಷದ ಮೊದಲ ಸುತ್ತು, ಕಡೀ ಸುತ್ತು ಎರಡೂ ಪಕ್ಕಪಕ್ಕ ಇಟ್ಟು ನೋಡ್ರಿ. ಮೆಡಿಕಲ್‌ಗೆ, ಎನ್‌ಐಟಿಗೆ ಹೋದವ್ರು ಬಿಟ್ಟ ಸೀಟಿನಿಂದ ಕಡೀ ರ‍್ಯಾಂಕ್ ಎಷ್ಟು ಕೆಳಗಿಳೀತು ಅಂತ ಅಲ್ಲೇ ಕಾಣತೈತಿ. ಆಮ್ಯಾಲ ಆಪ್ಷನ್ ಕ್ರಮ ತಿದ್ರಿ. ಅಲ್ಲೀತನಕ ಏಜೆಂಟನ ಕೈಗೆ ಒಂದು ರೂಪಾಯಿನೂ ಕೊಡಬ್ಯಾಡ್ರಿ.